ಗ್ವಾಡಿ ಮ್ಯಾಲಿನ ಪುಸ್ತಕ

ನಮ್ಮ ಗ್ವಾಡಿಗೆ ಮೊಳೆ ಹೊಡಿಯೂ ಮೊದಲು
ಯಾರೂ ನನ್ನ ಕೇಳಲಿಲ್ಲ.
ಕೆಂಪು ತಗಡಿನ ಡಬ್ಬಿ, ಒಳಗೊಂದು ಪುಸ್ತಕ,
ದಿನಾ ರಾತ್ರಿ ಬೀಟಿನವ ಬಂದು ಸಹಿ ಮಾಡತಾನಂತ.
ಓಣ್ಯಾಗ ಹದಿನೆಂಟು ಮನಿ,
ಡಬ್ಬಿ ಮಾತ್ರ ನಮ್ಮ ಮನಿಗೇ.
"ನಿಮ್ಮ ಕಾವಲಿಗೇ ಅವ್ವಾ" ಅಂದ ಸಾಹೇಬ.
ನಾ ಮಗನ ಮಾರಿ ನೋಡಿದೆ.
ಜಾಲಿಂದರ ಮೊಳಿ ನೋಡಿದ.

ಸಹಿ ಅನ್ನೂದು ನಮ್ಮ ಮನಿತನಕ್ಕ ಹೊಸಾದಲ್ಲ.
ಅಜ್ಜ ಇದ್ದದ್ದು ವಿಜಾಪುರದ ಅಂಚಿಗೆ,
ತಂತಿಬೇಲಿಯ ಸೆಟ್ಲಮೆಂಟಿನೊಳಗ.
ಸಂಜಿಗೊಮ್ಮೆ, ನಡುರಾತ್ರಿಗೊಮ್ಮೆ ಹಾಜರಿ.
ಹೆಬ್ಬಟ್ಟು ಒತ್ತಿ ಒತ್ತಿ
ಅಂವ ರೊಟ್ಟಿ ಮುರದರ ರೊಟ್ಟಿ ಅಂಚೆಲ್ಲಾ ನೀಲಿ.
ನಮ್ಮಪ್ಪ ಹುಟ್ಟಿದ ರಾತ್ರಿನೂ ಸಾಲಿನ್ಯಾಗ ನಿಂತಿದ್ದ,
ಕೂಸಿನ ಅಳು ಕೇಳಿದರೂ ಸಾಲು ಬಿಡಲಿಲ್ಲ,
ಬಿಟ್ಟರ ಗೈರು.
ಬೇಲಿ ಕಿತ್ತರು. ಹೆಸರು ಕೀಳಲಿಲ್ಲ.
ಸ್ಟೇಶನ್ ರೋಡಿನ್ಯಾಗ ಒಂದು ಸೈಕಲ್ ಹೋದರ
ಇಲ್ಲಿ ಬಾಗಲಾ ಬಡೀತಿದ್ದರು.

ಹಡಲಗೇರಿ ಅಂತ ಹೊಸಾ ಪೊಲೀಸ.
ಮೊದಲ ತಿಂಗಳು ಬ್ಯಾಟರಿ ಬೆಳಕ
ಸೀದಾ ಕಿಡಕಿಯೊಳಗ, ಮಲಗಿದವರ ಮಾರಿ ಮ್ಯಾಲೆ.
ಒಂದಿನ ಅಂದೇಬಿಟ್ಟೆ:
"ಈ ಮನ್ಯಾಗ ಕಳವಾದದ್ದು ನಿದ್ದಿ ಒಂದೇ,
ಅದನ್ನ ಒಯ್ದಾಂವ ನೀನೇ."
ಅಂವ ಮಾತಾಡಲಿಲ್ಲ.
ಮರುದಿನದಿಂದ ಬೆಳಕು ನೆಲದ ಮ್ಯಾಲಷ್ಟ ಬರತಿತ್ತು,
ಅಂವನ ಬೂಟಿಗಿಂತ ಒಂದು ಗೇಣು ಮುಂದ.
ಡಬ್ಬಿ ಕಿರ್ ಅಂತಿತ್ತು, ಪೆನ್ನು ಗೀಚತಿತ್ತು.
ಅಜ್ಜಾ, ಕೇಳಿಸಿಕೋ,
ಈಗ ಹಾಜರಿ ಅವರದು.

ಪುಷ್ಯದ ಥಂಡಿ. ನಾ ದುಡಿಯೂ ಕೋಲ್ಡ್ ಸ್ಟೋರೇಜಿನ್ಯಾಗ
ಒಣದ್ರಾಕ್ಷಿ ಹನ್ನೆರಡು ಡಬ್ಬಿ ಹೋದವು.
ಹಗಲೆಲ್ಲಾ ದ್ರಾಕ್ಷಿ ತೊಟ್ಟು ಬಿಡಿಸಿದ ಬೆರಳು
ಇನ್ನೂ ಅಂಟಂಟು ಇದ್ದವು,
ಕೋಳಿ ಕೂಗೂಕಿಂತ ಮೊದಲ ಜೀಪ ಬಂತು.
ಜಾಲಿಂದರನ ಕಾಲರಿಗೆ ಕೈ.
ಅಷ್ಟರಾಗ ಜೀಪಿನ ಹಿಂದಿನಿಂದ ಇಳಿದ ಹಡಲಗೇರಿ
ಡಬ್ಬಿ ತಗದು ಪುಸ್ತಕ ಬಿಚ್ಚಿದ,
ಸಾಲಿ ಹುಡುಗನ ಹಂಗ ಓದಿದ:

"ರಾತ್ರಿ ಎರಡು ಹತ್ತು. ಶೇವಂತಾಬಾಯಿ ಆಡು ಈಯಾಕ ಹತ್ತಿತ್ತು.
ಮಗ ಜಾಲಿಂದರ ಮರಿ ಎಳೆಯುತ್ತಿದ್ದ.
ಬೆಳಕಿಲ್ಲದ್ದಕ್ಕ ನನ್ನ ಬ್ಯಾಟರಿ ಹಿಡಿದು
ಎರಡು ಐವತ್ತರ ತನಕ ನಿಂತೆ.
ಮರಿ ಎರಡು. ಎರಡೂ ಹೆಣ್ಣು."

"ಪಾಯಿಂಟ್ ಪುಸ್ತಕದಾಗ ಆಡಿನ ಬಾಣಂತನ ಬರೀತಿಯೇನಲೇ?"
ಸಾಹೇಬ ಒದರಿದ.
ಹಡಲಗೇರಿ ಉಗುಳು ನುಂಗಿದ. ಗಂಟಲ ಏರಿಳಿದದ್ದು ಕಂಡಿತು.
ಆಮ್ಯಾಲ ಅದನ್ನೇ ಎರಡನೇ ಸಲ ಓದಿದ,
ಮೊದಲಿಗಿಂತ ಜೋರಾಗಿ,
ಹದಿನೆಂಟೂ ಮನಿಗೆ ಕೇಳೂ ಹಂಗ.
ಕಳವು ಎರಡೂವರಿಗೆ ಆಗಿತ್ತಂತ.
ಕಾಲರು ಬಿಟ್ಟರು.
ತಪ್ಪಾತು ಅಂತ ಯಾರೂ ಅನ್ನಲಿಲ್ಲ,
ನಾವೂ ಕಾಯಲಿಲ್ಲ.
ಜೀಪ ಹೋದ ಮ್ಯಾಲೆ ಓಣ್ಯಾಗ ಉಳಿದದ್ದು
ಡೀಸೆಲ್ ವಾಸನಿ, ಮತ್ತ ಹಸಿ ಮರಿಗಳ ಬ್ಯಾ ಬ್ಯಾ.

ನಂಬಿಕಿ ಬಂತೇನು ಅಂತ ಕೇಳಬ್ಯಾಡ್ರಿ.
ಬೈಕ ಸಪ್ಪಳಕ್ಕ ನಾಯಿ ಈಗ ಬೊಗಳೂದಿಲ್ಲ,
ಅದು ನಾಯಿ ಮಾತು.
ನಾ ಇನ್ನೂ ಚಿಲಕ ತಗಿಯೂದಿಲ್ಲ.

ಮೊನ್ನೆ ಅಮಾಸಿ ರಾತ್ರಿ
ಗೀಚೂ ಸಪ್ಪಳ ನಿಂತು ನಿಂತು ಬಂತು.
"ಅವ್ವಾ, ಶಾಯಿ ತೀರೇತಿ" ಅಂದ ಹೊರಗಿನಿಂದ.
ಮೊಮ್ಮಗಳ ಪಾಟಿಚೀಲ ತಡವಿ
ಐದು ರೂಪಾಯಿ ಪೆನ್ನು ಕಿಡಕಿಯಿಂದ ಕೊಟ್ಟೆ.
ಸಹಿ ಮಾಡಿದ, ಕಿಸೆಯೊಳಗ ಇಟಗೊಂಡ,
ಮರತು ಹಂಗೇ ಹೋದ.
ಜಾಲಿಂದರ ಹಾಸಿಗ್ಯಾಗ ಬಿದ್ದು ಬಿದ್ದು ನಕ್ಕ:
"ಹೋಗಿ ಕಂಪ್ಲೇಂಟ್ ಕೊಡಬೇ."

ಮರುರಾತ್ರಿ ಕಿಡಕಿ ಸರಳಿನ ನಡುವ
ಪೆನ್ನು ಒಳಗ ಬಂತು.
ಕತ್ತಲಿ ಭಾಳ ಇತ್ತು.
ಟೊಪಿಗಿ ಕಾಣಲಿಲ್ಲ, ಖಾಕಿ ಕಾಣಲಿಲ್ಲ,
ಮಣಿಕಟ್ಟಿನ ತನಕ ಒಂದು ಕೈ,
ಹೆಬ್ಬಟ್ಟಿಗೆ ಒಂದೀಟು ನೀಲಿ.